‘ಫಾಲ್’ ಮತ್ತು ಬೀಳು

ಸತ್ತೇಗಾಲದ ಬಳಿ ಹರಿದು ಬರುವ ಕಾವೇರಿಯು ಶಿವನಸಮುದ್ರದಲ್ಲಿ ಎರಡು ಕವಲಾಗಿ, ಗಗನಚುಕ್ಕಿ ಭರಚುಕ್ಕಿಗಳಲ್ಲಿ ಕೆಳಗಿಳಿಯುತ್ತದೆ. 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತನ್ನು ಒದಗಿಸಿದ ಈ ತಾಣವನ್ನು ಆಂಗ್ಲರು ‘ಫಾಲ್ಸ್’ ಎಂದು ಕರೆದರು. ಬೀಳುವ ಕ್ರಿಯೆಯೇ ಅಲ್ಲಿ ಹೆಸರಾಯಿತು. ಸಂಸ್ಕೃತದ ‘ಜಲಪಾತ’ದ ಅರ್ಥವೂ ಅದೇ. ಆದರೆ ಎದುರು ನಿಂತು ನೋಡುವ ಕನ್ನಡಿಗನು ‘ನೀರು ಧುಮುಕುತ್ತಿದೆ’ ಎನ್ನುತ್ತಾನೆ. ಒಬ್ಬರಿಗೆ ಬಿದ್ದ ನೀರು ಮತ್ತೊಬ್ಬರಿಗೆ ಧುಮುಕಿದ ನೀರು!

ಇಂಗ್ಲಿಷಿನ ‘ಫಾಲ್’ ಎಂದರೆ ಬೀಳು ಎಂದು ಶಾಲೆಯ ಹುಡುಗನೂ ಬಲ್ಲ. ಮಳೆ, ಬೆಲೆ, ಸರಕಾರ ಇವು ಎರಡು ಭಾಷೆಗಳಲ್ಲಿಯೂ ಬೀಳುತ್ತವೆ. ಆದರೆ ಈ ಜೊತೆಗಾರಿಕೆ ಬಹುದೂರ ಸಾಗದು. ಇಂಗ್ಲಿಷಿನಲ್ಲಿ ರಾತ್ರಿ ‘ಬೀಳುತ್ತದೆ’. ಕನ್ನಡದಲ್ಲಿ ಕತ್ತಲು ಕವಿಯುತ್ತದೆ. ಅಲ್ಲಿ ನಿದ್ರೆಗೆ ‘ಬೀಳುವವನಿಗೆ’ ಇಲ್ಲಿ ನಿದ್ದೆ ಹತ್ತುತ್ತದೆ. ಅಲ್ಲಿ ಪ್ರೇಮದಲ್ಲಿ ‘ಬಿದ್ದವನು’ ಇಲ್ಲಿ ಮನಸೋಲುತ್ತಾನೆ.

ಕನ್ನಡದ ಬೀಳುವಿಕೆಯೂ ಬಡವಾದುದಲ್ಲ. ಕನಸು ಬೀಳುತ್ತದೆ, ಏಟು ಬೀಳುತ್ತದೆ, ಖರ್ಚು ಬೀಳುತ್ತದೆ. ಸುದ್ದಿ ಕಿವಿಗೆ ಬೀಳುತ್ತದೆ, ಮನೆಗೆ ಬೀಗ ಬೀಳುತ್ತದೆ. ಇವುಗಳಲ್ಲಿ ಹೆಚ್ಚಿನವಕ್ಕೆ ‘ಫಾಲ್’ ಒದಗದು. ‘ನನಗೆ ಕನಸು ಬಿತ್ತು’ ಎಂಬುದನ್ನು ‘ಎ ಡ್ರೀಮ್ ಫೆಲ್ ಟು ಮಿ’ ಎಂದು ಬರೆದ ಹಳ್ಳಿಯ ವಿದ್ಯಾರ್ಥಿಯು ದಡ್ಡನಲ್ಲ. ತನ್ನ ಭಾಷೆಯ ನಿಯಮಕ್ಕೆ ನಿಷ್ಠನಾಗಿದ್ದಾನೆ, ಅಷ್ಟೆ. ಕೆಂಪು ಗೆರೆ ಎಳೆದು ಬಿಟ್ಟರೆ ಅವನು ಇಂಗ್ಲಿಷಿಗೆ ಅಂಜುತ್ತಾನೆ. ಕಾರಣ ತಿಳಿಸಿದರೆ ಎರಡು ಭಾಷೆಗಳನ್ನೂ ಕಲಿಯುತ್ತಾನೆ.

ಎಡವುವ ಕಲ್ಲುಗಳು ಇನ್ನೂ ಇವೆ. ‘ಫಾಲ್’ ಕ್ರಿಯಾಪದದ ಭೂತರೂಪ ‘ಫೆಲ್’. ಮರವನ್ನು ಕಡಿದು ಕೆಡಹುವುದಕ್ಕೂ ‘ಫೆಲ್’ ಎಂದೇ ಹೆಸರು. ಉಳದೆ ಬಿಟ್ಟ ಹೊಲವನ್ನು ರೈತನು ‘ಬೀಳು’ ಎನ್ನುತ್ತಾನೆ. ಇಂಗ್ಲಿಷಿನಲ್ಲಿ ಅದು ‘ಫ್ಯಾಲೊ’. ಧ್ವನಿಯನ್ನು ಕೇಳಿ ಇದು ‘ಫಾಲ್’ ಪದದ ನೆಂಟನೆಂದು ಭಾವಿಸಬಾರದು. ಅದರ ಮೂಲವೇ ಬೇರೆ.

ತಪ್ಪು ವಿದ್ಯಾರ್ಥಿಗಳಿಗೆ ಮಾತ್ರ ಮೀಸಲಲ್ಲ. ‘ಪ್ರೇಮದಲ್ಲಿ ಬಿದ್ದರು’ ಎಂದು ಬರೆಯುವ ಪದವೀಧರರು ಅದೇ ತಪ್ಪನ್ನು ತಿರುಗುಮುರುಗಾಗಿ ಮಾಡುತ್ತಾರೆ. ಅವರಿಗೆ ಕೆಂಪು ಗೆರೆ ಎಳೆಯುವವರಿಲ್ಲ!

ಕ್ರಿಯಾಪದವು ಒಂಟಿಯಾಗಿ ಬಾಳುವುದಿಲ್ಲ, ಅದಕ್ಕೆ ನೆರೆಹೊರೆಯುಂಟು. ಆದುದರಿಂದ ಪದಕ್ಕೆ ಪದವನ್ನು ಉರುಹೊಡೆಯುವ ಬದಲು, ಮಾತಿಗೆ ಮಾತನ್ನು ಎದುರಿಟ್ಟು ಕಲಿಯುವುದೇ ಲೇಸು.