ಒಂದು ಕೆ, ಎರಡು ಬಸ್ಸು

ರಾತ್ರಿ ಒಂಬತ್ತಕ್ಕೆ ಮುಚ್ಚಿದ ಬಂಡೀಪುರದ ಗೇಟು ಬೆಳಿಗ್ಗೆ ಆರಕ್ಕೆ ತೆರೆಯುತ್ತದೆ. 2009ರಲ್ಲಿ ಶುರುವಾದ ಈ ಕಟ್ಟಳೆಯಿಂದ ಕರ್ನಾಟಕ, ಕೇರಳ ಎರಡೂ ರಾಜ್ಯಗಳ ಕೆಲವೇ ಬಸ್ಸುಗಳಿಗೆ ವಿನಾಯಿತಿ. ಉಳಿದ ವಾಹನಗಳು ಮದ್ದೂರು ಚೆಕ್‌ಪೋಸ್ಟಿನಲ್ಲಿ ಕಾಯುತ್ತವೆ. ಗೇಟು ತೆರೆದ ಮೇಲೆ ಕಾಡು ದಾಟಿ, ಮೂಲೆಹೊಳೆಯಲ್ಲಿ ರಾಜ್ಯ ದಾಟಿ, ಮುತ್ತಂಗ ಕಳೆದು ಸುಲ್ತಾನ್ ಬತ್ತೇರಿ ಸೇರುವ ಹೊತ್ತಿಗೆ ಅಲ್ಲಿನ ಹೋಟೆಲುಗಳಲ್ಲಿ ಪುಟ್ಟು ಬೆಂದಿರುತ್ತದೆ. ವಯನಾಡಿನ ಈ ಊರಿನ ಬಸ್ ನಿಲ್ದಾಣದಲ್ಲಿ ಅರ್ಧ ಗಂಟೆ ನಿಂತರೆ ಸಾಕು. ಮೈಸೂರಿನಿಂದ ಕಲ್ಲಿಕೋಟೆಗೆ ಹೋಗುವ ನಮ್ಮ ಬಸ್ಸು, ಕಲ್ಲಿಕೋಟೆಯಿಂದ ತಾಮರಶ್ಶೇರಿ ಘಾಟಿಯ ಒಂಬತ್ತು ತಿರುವು ಹತ್ತಿ ಮೈಸೂರಿಗೆ ಹೊರಟ ಅವರ ಬಸ್ಸು ಅಕ್ಕಪಕ್ಕ ಬಂದು ನಿಲ್ಲುತ್ತವೆ. ಎರಡಕ್ಕೂ ಮೈತುಂಬ ಕೆಂಪು. ಎರಡರ ಮೇಲೂ ಅದೇ ಐದು ಇಂಗ್ಲಿಷ್ ಅಕ್ಷರ: ಕೆ, ಎಸ್, ಆರ್, ಟಿ, ಸಿ.

ನನ್ನದು ಅಕ್ಷರ ಬರೆಯುವ ಕಸುಬು. ಮೈಸೂರಿನ ಒಂದು ಸಣ್ಣ ವಿನ್ಯಾಸ ಸ್ಟುಡಿಯೊದಲ್ಲಿ ಅಂಗಡಿಯ ಬೋರ್ಡು, ಕಾಫಿ ಪೊಟ್ಟಣ, ಮದುವೆಯ ಕರೆಯೋಲೆ ಇವುಗಳ ನಡುವೆ ದಿನ ಕಳೆಯುತ್ತೇನೆ. ಹಾಗಾಗಿ ಎರಡು ರಾಜ್ಯಗಳು ಒಂದು ಹೆಸರಿಗಾಗಿ ಕಿತ್ತಾಡಿದ ಸುದ್ದಿ ನನಗೆ ರಾಜಕೀಯದ ಸುದ್ದಿಯಾಗಿರಲಿಲ್ಲ, ಕಸುಬಿನ ಸುದ್ದಿಯಾಗಿತ್ತು. ಅದರ ಕಡತವನ್ನೇ ಇಟ್ಟುಕೊಂಡಿದ್ದೆ. ಆ ಜಗಳಕ್ಕೊಂದು ಪರಿಹಾರ ಎಲ್ಲೋ ಇದ್ದೇ ಇರಬೇಕು ಎಂದು ಅನಿಸುತ್ತಿತ್ತು. ಅದು ಸಿಕ್ಕಿದ್ದು ಬತ್ತೇರಿಯಲ್ಲಿ. ಆದರೆ ಹೆಸರು ಹುಟ್ಟಿದ ಬಗೆಯನ್ನು ಮೊದಲು ಹೇಳಬೇಕು.

ತಿರುವಾಂಕೂರಿನ ಮಹಾರಾಜ ಶ್ರೀ ಚಿತ್ತಿರ ತಿರುನಾಳರು ತಮ್ಮ ಸಂಸ್ಥಾನದ ಸಾರಿಗೆ ಇಲಾಖೆಯನ್ನು 1938ರ ಫೆಬ್ರವರಿ 20ರಂದು ಉದ್ಘಾಟಿಸಿದರು. ಲಂಡನ್ನಿನ ಸಾರಿಗೆ ಮಂಡಳಿಯಿಂದ ಕರೆತಂದ ಇ. ಜಿ. ಸಾಲ್ಟರ್ ಅದರ ಮೊದಲ ಮುಖ್ಯಸ್ಥ. ಮಹಾರಾಜರು ಕೂತ ಮೊದಲ ಬಸ್ಸನ್ನು ಓಡಿಸಿದವನೂ ಅವನೇ. ವಯನಾಡು ಆಗ ಮದ್ರಾಸ್ ಪ್ರಾಂತದ ಮಲಬಾರಿಗೆ ಸೇರಿತ್ತು, ಆ ಬಸ್ಸುಗಳು ಇಲ್ಲಿಗೆ ಬರುತ್ತಿರಲಿಲ್ಲ. ನಮ್ಮ ಕಡೆ ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ 1948ರ ಸೆಪ್ಟೆಂಬರ್ 12ರಂದು 120 ಬಸ್ಸುಗಳೊಂದಿಗೆ ಹೊರಟಿತು. ಆಗ ಇವೆರಡರ ಹೆಸರಿಗೂ ಸಂಬಂಧವೇ ಇರಲಿಲ್ಲ.

ಹೆಸರಿಗೆ ಅಚ್ಚು ಹಾಕಿದ್ದು 1950ರ ರಸ್ತೆ ಸಾರಿಗೆ ನಿಗಮಗಳ ಕಾಯ್ದೆ. ಅದರಡಿ ಹುಟ್ಟಿದ ನಿಗಮಗಳು ಮುಂದೆ ರಾಜ್ಯದ ಹೆಸರು, ಹಿಂದೆ ಅದೇ ಬಾಲ ಇಟ್ಟುಕೊಂಡವು. ಅಂದ ಮೇಲೆ ಒಂದೇ ಅಕ್ಷರದಿಂದ ಶುರುವಾಗುವ ಎರಡು ರಾಜ್ಯಗಳಿದ್ದರೆ ಮೊದಲಕ್ಷರಗಳ ಹೆಸರು ಒಂದೇ ಆಗಲೇಬೇಕು. ಹಾಗೆ ಆಗಿಯೂ ಇತ್ತು, ಅದೂ ಕೇರಳದೊಂದಿಗಲ್ಲ. 1961ರ ಆಗಸ್ಟ್‌ನಲ್ಲಿ ನಮ್ಮ ಇಲಾಖೆ ಮೈಸೂರು ರಾಜ್ಯ ರಸ್ತೆ ಸಾರಿಗೆ ನಿಗಮವಾದಾಗ ಅದರ ಇಂಗ್ಲಿಷ್ ಮೊದಲಕ್ಷರಗಳು ಎಂಎಸ್‌ಆರ್‌ಟಿಸಿ. ಮಹಾರಾಷ್ಟ್ರದ ನಿಗಮದ್ದೂ ಅವೇ. ಹನ್ನೆರಡು ವರ್ಷ ಬೆಳಗಾವಿ, ಕೊಲ್ಹಾಪುರಗಳ ಕಡೆ ಆ ಒಂದೇ ಹೆಸರಿನ ಎರಡು ನಿಗಮಗಳು ಬಸ್ಸು ಓಡಿಸಿದವು. 1973ರ ನವೆಂಬರ್ 1ರಂದು ರಾಜ್ಯ ಕರ್ನಾಟಕವಾಯಿತು, ಎಂ ಹೋಗಿ ಕೆ ಬಂತು. ಕೇರಳದ ನಿಗಮ 1965ರಿಂದಲೇ ಆ ಕೆ ಹಿಡಿದು ಕೂತಿತ್ತು. ತನ್ನದೇ ಹೆಸರಿನ ಒಬ್ಬನನ್ನು ಬಿಟ್ಟು ಇನ್ನೊಬ್ಬನ ಪಕ್ಕಕ್ಕೆ ಬಂದ ಹಾಗಾಯಿತು ನಮ್ಮ ನಿಗಮದ ಸ್ಥಿತಿ.

ಆ ಮೇಲೆ ಸುಮಾರು ನಲವತ್ತು ವರ್ಷ ಯಾರಿಗೂ ತೊಂದರೆಯಾಗಲಿಲ್ಲ. ಏಕೆಂದರೆ ಬಸ್ ನಿಲ್ದಾಣದಲ್ಲಿ ಹೆಸರನ್ನು ಓದಿ ಯಾರೂ ಬಸ್ಸು ಹತ್ತುವುದಿಲ್ಲ. ಹಣೆಯ ಮೇಲೆ ಊರಿನ ಬೋರ್ಡಿದೆ, ಬಾಗಿಲಲ್ಲಿ ಕಂಡಕ್ಟರ್ ಕೂಗುತ್ತಿದ್ದಾನೆ, ಸೀಟಿದೆಯೋ ಇಲ್ಲವೋ ಕಣ್ಣಿಗೇ ಕಾಣುತ್ತದೆ. ಟಿಕೆಟ್ಟು ಕಂಪ್ಯೂಟರಿನೊಳಕ್ಕೆ ಹೋದ ಮೇಲೆ ಬೋರ್ಡೂ ಇಲ್ಲ, ಕೂಗೂ ಇಲ್ಲ, ಕೆಂಪು ಬಣ್ಣವೂ ಇಲ್ಲ. ಬರೀ ಅಕ್ಷರ ಉಳಿಯಿತು. ಕೆಎಸ್‌ಆರ್‌ಟಿಸಿ ಡಾಟ್ ಇನ್ ಎಂಬ ವಿಳಾಸ ಕರ್ನಾಟಕದ ಕೈಯಲ್ಲಿತ್ತು. ಕೇರಳದ ನಿಗಮ ಕೇರಳಆರ್‌ಟಿಸಿ ಎಂದು ಬೇರೆ ವಿಳಾಸ ಮಾಡಿಕೊಳ್ಳಬೇಕಾಯಿತು. ಬೆಂಗಳೂರಿನಿಂದ ಓಣಂಗೆ ಊರಿಗೆ ಹೊರಟವನು ತನ್ನ ನಿಗಮದ ಹೆಸರು ಒತ್ತಿದರೆ ನಮ್ಮ ನಿಗಮದ ಬಾಗಿಲು ತೆರೆಯುತ್ತಿತ್ತು. ಹಬ್ಬದ ವಾರದಲ್ಲಿ ಇದು ಎಷ್ಟು ಟಿಕೆಟ್ಟಿನ ಮಾತು ಎಂದು ಬೆಂಗಳೂರಿನ ಸ್ಯಾಟಲೈಟ್ ನಿಲ್ದಾಣ ನೋಡಿದವರಿಗೆ ಗೊತ್ತು.

2013ರಲ್ಲಿ ಕರ್ನಾಟಕ ಆ ಹೆಸರನ್ನು ಗಂಡಭೇರುಂಡದ ಚಿತ್ರದೊಂದಿಗೆ ಟ್ರೇಡ್‌ಮಾರ್ಕ್ ಆಗಿ ನೋಂದಾಯಿಸಿತು. 2014ರಲ್ಲಿ, ಹೆಸರು ಬಳಸಬೇಡಿ ಎಂದು ಕೇರಳಕ್ಕೆ ನೋಟಿಸ್ ಹೋಯಿತು. ನೋಂದಣಿಯಲ್ಲಿ ನಾವು ಮುಂದು. ಆದರೆ ಟ್ರೇಡ್‌ಮಾರ್ಕ್ ಕಾನೂನಿನಲ್ಲಿ ಬರೀ ನೋಂದಣಿಯ ತೂಕದಿಂದ ಎಲ್ಲವೂ ತೀರ್ಮಾನವಾಗುವುದಿಲ್ಲ. ಮೊದಲು ಬಳಸಿದವರ ಹಕ್ಕನ್ನು ನಂತರ ನೋಂದಾಯಿಸಿದವರು ಕಿತ್ತುಕೊಳ್ಳಲಾಗದು. ಹಾಗಾಗಿ ಕೇರಳದವರು ಹುಡುಕಾಟಕ್ಕೆ ಇಳಿದರು.

ಈ ಕತೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗ ಇದೇ. 1965ರಲ್ಲಿ ಒಂದು ಹೆಸರು ಜನರ ಬಾಯಲ್ಲಿತ್ತು ಎಂದು ಹೇಗೆ ತೋರಿಸುವುದು? ಸರ್ಕಾರಿ ಆದೇಶ ಸಿಕ್ಕೀತು, ಆದರೆ ಆದೇಶದಲ್ಲಿದ್ದ ಮಾತ್ರಕ್ಕೆ ಹೆಸರು ಬೀದಿಗೆ ಬಂದಿತ್ತು ಎನ್ನಲಾಗದು. ಕೇರಳ ಮುಂದಿಟ್ಟ ಆಧಾರಗಳಲ್ಲಿ ಒಂದು ಸಿನಿಮಾ ಇತ್ತು: 1969ರ 'ಕಣ್ಣೂರ್ ಡೀಲಕ್ಸ್'. ಪ್ರೇಮ್ ನಜೀರ್, ಶೀಲಾ ನಟಿಸಿದ ಪತ್ತೇದಾರಿ ಚಿತ್ರ. ಅದರ ಕತೆ ನಡೆಯುವುದೇ ನಿಗಮದ ಒಂದು ಬಸ್ಸಿನೊಳಗೆ. ಕರ್ನಾಟಕ ಎಂಬ ಹೆಸರು ನಮ್ಮ ರಾಜ್ಯಕ್ಕೆ ಬರುವ ನಾಲ್ಕು ವರ್ಷ ಮೊದಲು ತೆರೆಕಂಡ ಚಿತ್ರ. ನಾಯಕ ನಾಯಕಿಯರಿಗಾಗಿ ಕ್ಯಾಮೆರಾ ಹಿಡಿದವರಿಗೆ, ತಮ್ಮ ರೀಲು ಅರ್ಧ ಶತಮಾನದ ನಂತರ ಬಸ್ಸಿನ ಪರವಾಗಿ ಸಾಕ್ಷಿ ಹೇಳುತ್ತದೆ ಎಂದು ಹೇಗೆ ತಿಳಿದೀತು! ನಮ್ಮ ಸ್ಟುಡಿಯೊದಲ್ಲಿ ಹಳೆಯ ಬೋರ್ಡು, ಬಿಲ್ಲು, ಕ್ಯಾಲೆಂಡರುಗಳನ್ನು ಎಸೆಯದೆ ಇಡುವ ರೂಢಿ ಬಂದದ್ದು ಆ ಸುದ್ದಿ ಓದಿದ ಮೇಲೆಯೇ.

2021ರ ಜೂನ್‌ನಲ್ಲಿ, ಹೆಸರು, ಲಾಂಛನ ಎರಡೂ ತಮಗೆ ದಕ್ಕಿದವೆಂದು ಕೇರಳ ಪ್ರಕಟಿಸಿತು. 'ಆನವಂಡಿ' ಎಂಬ ಅಡ್ಡಹೆಸರೂ ಜೊತೆಗಿತ್ತು. ಅಂತಿಮ ಆದೇಶ ಬಂದಿಲ್ಲ ಎಂದು ಕರ್ನಾಟಕ ಉತ್ತರಿಸಿತು. ಅದೇ ವರ್ಷ, ಇಂಥ ಟ್ರೇಡ್‌ಮಾರ್ಕ್ ವ್ಯಾಜ್ಯಗಳನ್ನು ಕೇಳುತ್ತಿದ್ದ ಮೇಲ್ಮನವಿ ಮಂಡಳಿಯೇ ರದ್ದಾದ್ದರಿಂದ ವ್ಯಾಜ್ಯ ಮದ್ರಾಸ್ ಹೈಕೋರ್ಟಿಗೆ ಹೋಯಿತು. 2023ರ ಡಿಸೆಂಬರ್‌ನಲ್ಲಿ ನ್ಯಾಯಾಲಯ ಕೇರಳದ ಅರ್ಜಿಯನ್ನು ವಜಾ ಮಾಡಿತು. ನಮ್ಮ ಬಸ್ಸು ತನ್ನ ಹೆಸರನ್ನು ಉಳಿಸಿಕೊಂಡಿತು, ಅವರದೂ ಅದೇ ಹೆಸರಲ್ಲಿ ಓಡುತ್ತಿದೆ.

ಆ ಅಡ್ಡಹೆಸರಿನ ಬಳಿ ಸ್ವಲ್ಪ ನಿಲ್ಲಬೇಕು. ಕೇರಳದ ನಿಗಮದ ಲಾಂಛನದಲ್ಲಿ ಎದುರುಬದುರು ಎರಡು ಆನೆಗಳಿವೆ. ಅದನ್ನು ನೋಡಿದ ಜನ ಬಸ್ಸನ್ನು ಆನವಂಡಿ ಎಂದರು. ಯಾವ ಸ್ಟುಡಿಯೊ ಕೂಡ ಕುಳಿತು ಯೋಚಿಸಿ ಕೊಟ್ಟ ಹೆಸರಲ್ಲ ಇದು. ನಮ್ಮಲ್ಲಿ ಹೆಸರು ನಿಗಮದಿಂದ ಜನರಿಗೆ ಇಳಿಯಿತು: ರಾಜಹಂಸ, ಐರಾವತ, ಅಂಬಾರಿ, ಈಚೆಗೆ ಪಲ್ಲಕ್ಕಿ, ಅಶ್ವಮೇಧ. ಭಾರತದ ಸಾರಿಗೆಯಲ್ಲಿ ಇಷ್ಟು ಚೆಂದದ ಹೆಸರುಗಳ ಸಾಲು ಬೇರೆ ಇಲ್ಲ ಎಂದೇ ನನ್ನ ನಂಬಿಕೆ. ಇಂದ್ರನ ಆನೆ, ಆನೆಯ ಮೇಲಿನ ಅಂಬಾರಿ, ಕೊನೆಗೆ ನಾವೂ ಆನೆಯನ್ನೇ ಹುಡುಕಿಕೊಂಡು ಹೋದೆವು. ನಮ್ಮ ಗಂಡಭೇರುಂಡವೂ ಆನೆಯ ಸಹವಾಸದ್ದೇ: ವಿಜಯನಗರದ ಅಚ್ಯುತರಾಯನ ನಾಣ್ಯದಲ್ಲಿ ಅದು ಕೊಕ್ಕಿನಲ್ಲೂ ಉಗುರಿನಲ್ಲೂ ಆನೆಗಳನ್ನು ಹಿಡಿದಿದೆ.

ಆ ದಿನ ಬತ್ತೇರಿಯ ನಿಲ್ದಾಣದ ಕಲ್ಲುಬೆಂಚಿನಲ್ಲಿ ಕೂತು ನೋಟ್‌ಬುಕ್ಕಿನಲ್ಲಿ 'ಆನವಂಡಿ' ಎಂದು ಬರೆದೆ, ಅದರ ಕೆಳಗೆ 'ಆನೆಬಂಡಿ'. ಮಲಯಾಳದ ವ ನಮ್ಮಲ್ಲಿ ಬ ಆಗುತ್ತದೆ. ಅವರು ವಾ ಎಂದು ಕರೆದರೆ ನಾವು ಬಾ ಎನ್ನುತ್ತೇವೆ. ಹಾಗೆ ಬರೆಯುತ್ತಿದ್ದಾಗಲೇ ಕೂತಿದ್ದ ನೆಲದ ಹೆಸರು ನೆನಪಾಯಿತು. ವಯನಾಡನ್ನು ಹೊಯ್ಸಳರ ಕಾಲದ ಕನ್ನಡ ಶಾಸನಗಳು ಬಯಲ್ನಾಡು ಎಂದು ಕರೆಯುತ್ತವೆ. ಅದೇ ವ, ಅದೇ ಬ. ಬೆಟ್ಟಕುರುಬರು, ಕಾಟುನಾಯಕರು ಇಂದಿಗೂ ಕನ್ನಡಕ್ಕೆ ಹತ್ತಿರದ ನುಡಿಯಾಡುವ ಈ ನಾಡಿನಲ್ಲಿ, ಒಂದೇ ಹೆಸರು ಎರಡು ಬಾಯಲ್ಲಿ ಎರಡಾಗಿ, ಯಾರಿಗೂ ತಕರಾರಿಲ್ಲದೆ ಸಾವಿರ ವರ್ಷದ ಹತ್ತಿರ ಬಾಳಿದೆ.

ಆಮೇಲೆ ಎರಡೂ ಬಸ್ಸುಗಳ ಹೆಸರನ್ನು ಕನ್ನಡದಲ್ಲಿ ಬರೆಯತೊಡಗಿದೆ. ನಮ್ಮದರ ಮೇಲೆ ಕನ್ನಡದಲ್ಲಿ ಇರುವುದು ಕ.ರಾ.ರ.ಸಾ.ನಿಗಮ. ಕೇರಳದ ನಿಗಮದ ಹೆಸರನ್ನು ಹಾಗೆಯೇ ಕನ್ನಡಕ್ಕೆ ಇಳಿಸಿದೆ: ಕೇ.ರಾ.ರ.ಸಾ.ನಿಗಮ. ಪೆನ್ಸಿಲು ಅಲ್ಲೇ ನಿಂತಿತು. ಕ. ಕೇ. ಇವು ಬೇರೆ ಬೇರೆ ಅಕ್ಷರ! ಒಂದನೇ ತರಗತಿಯ ಮಗು ಕಾಗುಣಿತ ಹೇಳುವಾಗ ಇವೆರಡನ್ನು ಎಂದೂ ಒಂದು ಮಾಡುವುದಿಲ್ಲ. ಮಲಯಾಳದಲ್ಲಂತೂ ಅಂತರ ಇನ್ನೂ ದೊಡ್ಡದು. ಅಲ್ಲಿ ಏತ್ವದ ಚಿಹ್ನೆ ಕಕಾರದ ಎಡಕ್ಕೆ ನಿಲ್ಲುತ್ತದೆ. ಕೇರಳ ಎಂದು ಬರೆದರೆ ಕಣ್ಣಿಗೆ ಮೊದಲು ಬೀಳುವುದು ಆ ಸುರುಳಿ. ಕರ್ನಾಟಕ ಎಂದರೆ ಸುರುಳಿಯಿಲ್ಲ, ನೇರ ಕಕಾರ. ನೂರು ಅಡಿ ದೂರದಿಂದ, ಮಂಜಿನಲ್ಲೂ ಗುರುತಿಸಬಹುದು.

ಎರಡು ಸರ್ಕಾರಗಳು, ಒಂದು ನೋಂದಣಿ ಕಚೇರಿ, ಒಂದು ಹೈಕೋರ್ಟು ವರ್ಷಗಟ್ಟಲೆ ತೂಗಿದ ಗೊಂದಲ ಇರುವುದು ರೋಮನ್ ಲಿಪಿಯ ಒಂದು ಅಕ್ಷರದಲ್ಲಿ. ಆ ಲಿಪಿಯಲ್ಲಿ ಸ್ವರ ವ್ಯಂಜನದ ಮೈಗೆ ಅಂಟುವುದಿಲ್ಲ, ಪಕ್ಕದಲ್ಲಿ ಬೇರೆಯಾಗಿ ನಿಲ್ಲುತ್ತದೆ. ಮೊದಲಕ್ಷರ ಮಾತ್ರ ತೆಗೆದಾಗ ಸ್ವರ ಉದುರಿ ಹೋಗುತ್ತದೆ, ಜೊತೆಗೆ ರಾಜ್ಯದ ಗುರುತೂ. ನಮ್ಮ ಲಿಪಿಗಳಲ್ಲಿ ಸ್ವರ ಉದುರುವುದಿಲ್ಲ. ಹಾಗಿದ್ದೂ ನಾವು ಕನ್ನಡದಲ್ಲಿ ಕೆಎಸ್‌ಆರ್‌ಟಿಸಿ ಎಂದು, ಅವರು ಮಲಯಾಳದಲ್ಲಿ ಅದನ್ನೇ, ಇಂಗ್ಲಿಷಿನ ಉಚ್ಚಾರವನ್ನು ನಮ್ಮ ಅಕ್ಷರಕ್ಕೆ ತಂದು ಗೊಂದಲವನ್ನೂ ಜೊತೆಗೇ ತಂದುಕೊಂಡೆವು. ಹದಿನೈದು ವರ್ಷ ಅಕ್ಷರ ಬರೆದ ನನಗೆ ಇದು ಹೊಳೆಯದೆ ಹೋಗಿತ್ತು ಎನ್ನುವುದು ನನ್ನನ್ನು ಇಂದಿಗೂ ಕಾಡುತ್ತದೆ.

ಬಸ್ಸು ಹೊರಡಲು ಇನ್ನೂ ಹತ್ತು ನಿಮಿಷವಿತ್ತು. ಪುಟ ಮಗುಚಿ ಬಸ್ಸಿನ ಪಕ್ಕೆಯ ಚಿತ್ರ ಬರೆದೆ. ಈಗ ಇಂಗ್ಲಿಷ್ ಅಕ್ಷರಗಳಿರುವ ಜಾಗದಲ್ಲಿ ದೊಡ್ಡದಾಗಿ ಒಂದೇ ಒಂದು ಕ, ತಲೆಕಟ್ಟು ಕಿಟಕಿಯ ಅಂಚಿನವರೆಗೆ. ಎದುರು ಪುಟದಲ್ಲಿ ಅವರ ಬಸ್ಸಿಗೆ ಅವರ ಲಿಪಿಯ ಕೇ, ಸುರುಳಿ ಮುಂಬಾಗಿಲಿನ ಕಡೆಗೆ. ನೋಟ್‌ಬುಕ್ಕನ್ನು ಎತ್ತಿ ಹಿಡಿದು, ನಿಲ್ದಾಣದಲ್ಲಿ ಜೊತೆಯಾಗಿ ನಿಂತ ಎರಡು ಕೆಂಪು ಬಸ್ಸುಗಳ ಮೇಲೆ ಅವನ್ನು ಕೂರಿಸಿ ನೋಡಿದೆ. ಸುರುಳಿಯನ್ನು ಇನ್ನೂ ಸ್ವಲ್ಪ ದಪ್ಪ ಮಾಡಬೇಕೆನಿಸಿತು. ಮಾಡುತ್ತಿದ್ದಾಗ ಕಂಡಕ್ಟರ್ "ಮೈಸೂರ್, ಮೈಸೂರ್" ಎಂದು ಕೂಗಿದ.