ಬೋರ್ಮಾದ ಬಿಸಿಗಾಳಿ: ಬಿಸಿ ಹೆಚ್ಚಿಸುವ ಮುನ್ನ ಗಾಳಿಯ ದಾರಿ ಪರೀಕ್ಷಿಸಿರಿ

ಕುಂದಾಪುರ, ಬೈಂದೂರು ಮತ್ತು ಬ್ರಹ್ಮಾವರ ಭಾಗದ ಗೇರುಬೀಜ ಕಾರ್ಖಾನೆಗಳಲ್ಲಿ ಲಾಭ-ನಷ್ಟದ ದೊಡ್ಡ ಪಾಲು ನಿರ್ಧಾರವಾಗುವುದು ಬೋರ್ಮಾದಲ್ಲಿ. ಚಿಪ್ಪಿನಿಂದ ಬಿಡಿಸಿದ ತಿರುಳನ್ನು ಇಲ್ಲಿ ಸುಮಾರು 60ರಿಂದ 70 ಡಿಗ್ರಿ ಸೆಲ್ಸಿಯಸ್ ಬಿಸಿಗಾಳಿಯಲ್ಲಿ ಆರೆಂಟು ಗಂಟೆ ಒಣಗಿಸಿದಾಗಲೇ ಅದರ ಕೆಂಪು ಒಳಸಿಪ್ಪೆ ಸಡಿಲಗೊಳ್ಳುತ್ತದೆ. ಒಣಗಿದ್ದು ಸಾಲದಿದ್ದರೆ ಸಿಪ್ಪೆ ಬಿಡದೆ, ಕೆರೆಯುವಾಗ ತಿರುಳಿಗೆ ಗಾಯವಾಗುತ್ತದೆ. ಅತಿಯಾಗಿ ಒಣಗಿದರೆ ತಿರುಳು ಕಂದುತ್ತದೆ, ಮುಟ್ಟಿದಲ್ಲಿ ಒಡೆಯುತ್ತದೆ. ಪೌಂಡಿಗೆ 300ರಿಂದ 320 ತೂಗುವ ಡಬ್ಲ್ಯೂ-320 ದರ್ಜೆಯ ಬಿಳಿ ಇಡಿ ತಿರುಳಾಗಬೇಕಿದ್ದ ಮಾಲು ಕಂದು ದರ್ಜೆಗೋ ತುಂಡಿನ ದರ್ಜೆಗೋ ಇಳಿಯುತ್ತದೆ.

ಒಣಗುವಿಕೆ ನಿಧಾನವಾದೊಡನೆ ಹಬೆಯನ್ನು ಹೆಚ್ಚಿಸುವುದು, ಇಲ್ಲವೇ ದೊಡ್ಡ ಮೋಟಾರು ಕೂಡಿಸುವುದು ಸಾಮಾನ್ಯ ರೂಢಿ. ಆದರೆ ದೋಷವು ಶಾಖದಲ್ಲಿರದೆ ಗಾಳಿಯ ಹರಿವಿನಲ್ಲಿದ್ದರೆ ಈ ಎರಡು ಉಪಾಯಗಳಿಂದಲೂ ಖರ್ಚು ಏರುವುದೇ ಹೊರತು ಮಾಲು ಸುಧಾರಿಸದು.

ದೋಷ ಯಾವುದರದ್ದು?

ಬೋರ್ಮಾದ ನಾಲ್ಕು ಮೂಲೆಗಳಲ್ಲಿಯೂ ನಡುವಿನಲ್ಲಿಯೂ ಉಷ್ಣತಾಮಾಪಕಗಳನ್ನಿರಿಸಿ ಒಂದು ಗಂಟೆಯ ಬಳಿಕ ನೋಡಿರಿ. ಎಲ್ಲೆಡೆಯೂ ಶಾಖ ಸಮಾನವಾಗಿ ಕಡಿಮೆಯಿದ್ದರೆ ಕೊರತೆ ಹಬೆಯದ್ದು. ಬಾಯ್ಲರಿನ ಒತ್ತಡವನ್ನೂ, ತಂಪಾದ ಹಬೆಯ ನೀರನ್ನು ಹೊರಬಿಡುವ ಸ್ಟೀಮ್ ಟ್ರ್ಯಾಪನ್ನೂ ಪರೀಕ್ಷಿಸಬೇಕು. ಹಬೆಯ ಕೊಳವೆಗಳ ಬಳಿ ಶಾಖ ಮಿತಿಮೀರಿದ್ದು ದೂರದ ಟ್ರೇಗಳಲ್ಲಿ ತಂಪಿದ್ದರೆ ಕೊರತೆ ಗಾಳಿಯದ್ದು. ಒಂದೇ ತಂಡದಲ್ಲಿ ಕಂದಿದ ತಿರುಳೂ ಹಸಿ ತಿರುಳೂ ದೊರೆಯುವುದು ಇಂಥಲ್ಲಿಯೇ.

ಬ್ಲೋವರಿನ ಪರೀಕ್ಷೆ

ಬ್ಲೋವರನ್ನು ಮುಟ್ಟುವ ಮುನ್ನ ಮುಖ್ಯ ಸ್ವಿಚ್ ಆರಿಸಿ, ಫ್ಯೂಸುಗಳನ್ನು ತೆಗೆದು ಜವಾಬ್ದಾರ ವ್ಯಕ್ತಿಯೊಬ್ಬರ ಕೈಯಲ್ಲಿರಿಸತಕ್ಕದ್ದು. ಚಕ್ರ ಸಂಪೂರ್ಣವಾಗಿ ನಿಂತ ಬಳಿಕವೇ ಬೆಲ್ಟಿನ ಕವಚ ತೆಗೆಯಬೇಕು.

ಮೊದಲಿಗೆ ತಿರುಗುವ ದಿಕ್ಕು. ಮೋಟಾರು ರಿಪೇರಿಯಾಗಿ ಬಂದಾಗ ಮೂರು ಫೇಸುಗಳಲ್ಲಿ ಎರಡು ಅದಲುಬದಲಾದರೆ ಚಕ್ರ ಹಿಮ್ಮುಖವಾಗಿ ತಿರುಗುತ್ತದೆ. ಬಸವನಹುಳುವಿನ ಚಿಪ್ಪಿನಾಕಾರದ ಕವಚವುಳ್ಳ ಬ್ಲೋವರು ಹಿಮ್ಮುಖ ತಿರುಗಿದರೂ ಗಾಳಿಯು ಅದೇ ಬಾಯಿಯಿಂದ ಹೊರಬರುತ್ತದೆ, ಪ್ರಮಾಣ ಮಾತ್ರ ಬಹಳ ಕಡಿಮೆ. ಹೀಗಾಗಿ ಈ ತಪ್ಪು ತಿಂಗಳುಗಟ್ಟಲೆ ಕಣ್ಣಿಗೆ ಬೀಳದಿರಬಹುದು. ಕವಚದ ಮೇಲಿನ ಬಾಣದ ಗುರುತಿನೊಡನೆ ತಾಳೆ ನೋಡಿರಿ.

ಎರಡನೆಯದು ಬೆಲ್ಟು. ಹೊಳಪೇರಿದ ಬೆಲ್ಟು ಜಾರುತ್ತಿದೆಯೆಂದರ್ಥ. ಜೋಡಿ ಬೆಲ್ಟುಗಳಿದ್ದಲ್ಲಿ ಒಂದನ್ನಷ್ಟೇ ಬದಲಿಸದೆ ಎಲ್ಲವನ್ನೂ ಒಟ್ಟಿಗೆ ಬದಲಿಸುವುದು ಉತ್ತಮ.

ಮೂರನೆಯದು ಶುಚಿತ್ವ. ಸಿಪ್ಪೆಯ ನುಣುಪು ಪುಡಿಯು ಬ್ಲೋವರಿನ ರೆಕ್ಕೆಗಳಿಗೂ ಹಬೆಯ ಕೊಳವೆಗಳ ತೆಳುಪಟ್ಟಿಗಳಿಗೂ ಅಂಟಿ ಗಾಳಿಗೆ ಅಡ್ಡಿಯಾಗುತ್ತದೆ. ಈ ಪುಡಿ ಬೆಂಕಿ ಹಿಡಿಯುವಂಥದು ಎಂಬುದನ್ನೂ ಮರೆಯಬಾರದು. ಕಡಲಂಚಿನ ಉಪ್ಪುಗಾಳಿಯಿಂದ ರೆಕ್ಕೆ ತುಕ್ಕು ಹಿಡಿದು ತೂಕ ತಪ್ಪಿದರೆ ಬ್ಲೋವರು ನಡುಗುತ್ತದೆ. ಬೇರಿಂಗು ಬೇಗ ಸವೆಯುತ್ತದೆ.

ನಾಲ್ಕನೆಯದು ಗಾಳಿ ಸೋರುವಿಕೆ. ಬಾಗಿಲಿನ ಅಂಚು, ಕೊಳವೆಯ ಕೀಲುಗಳ ಬಳಿ ತೆಳುವಾದ ಕಾಗದದ ಪಟ್ಟಿ ಹಿಡಿದರೆ ಸೋರುವ ಜಾಗ ತಿಳಿಯುತ್ತದೆ. ಟ್ರೇಗಳನ್ನು ಅಂಚಿನವರೆಗೆ ತುಂಬಿದರೆ ಗಾಳಿಯು ತಿರುಳಿನ ಮೂಲಕ ಸಾಗದೆ ಪಕ್ಕದ ಸಂದಿನಿಂದ ನುಸುಳಿ ಹೋಗುತ್ತದೆ.

ಮೋಟಾರಿನ ವಿದ್ಯುತ್ತನ್ನು ಕ್ಲ್ಯಾಂಪ್ ಮೀಟರಿನಿಂದ ಅಳೆಯುವಾಗ ಒಂದು ವಿಷಯ ಗಮನಾರ್ಹ. ಮೇಲೆ ಹೇಳಿದ ಬಗೆಯ ಬ್ಲೋವರಿನಲ್ಲಿ ಗಾಳಿಯ ದಾರಿ ಕಟ್ಟಿಕೊಂಡರೆ ಆಂಪಿಯರ್ ಏರುವುದಿಲ್ಲ, ಇಳಿಯುತ್ತದೆ. ಆದುದರಿಂದ ಕಡಿಮೆ ಆಂಪಿಯರನ್ನು ಉಳಿತಾಯವೆಂದು ಭಾವಿಸಬಾರದು. ನೇರ ರೆಕ್ಕೆಯ ಫ್ಯಾನಿಗೆ ಈ ಸೂತ್ರ ಅನ್ವಯಿಸುವುದಿಲ್ಲ.

ಮಳೆಗಾಲದ ಎಚ್ಚರಿಕೆ

ಮಳೆಗಾಲದಲ್ಲಿ 27 ಡಿಗ್ರಿಯ ಗಾಳಿಯ ತೇವ ಶೇ. 90ರಷ್ಟಿದ್ದರೂ ಅದನ್ನು 60 ಡಿಗ್ರಿಗೆ ಕಾಯಿಸಿದಾಗ ಸಾಪೇಕ್ಷ ತೇವವು ಶೇ. 16ರ ಆಸುಪಾಸಿಗೆ ಇಳಿಯುತ್ತದೆ. ಅಂದರೆ ಮಳೆಯ ಗಾಳಿಯೂ ಒಣಗಿಸಬಲ್ಲದು. ಆದರೆ ಶಾಖ ಉಳಿಸುವ ಆಸೆಯಿಂದ ತೇವಗಾಳಿ ಹೊರಹೋಗುವ ಕಿಂಡಿಯನ್ನು ಪೂರ್ತಿ ಮುಚ್ಚಿದರೆ ತಿರುಳಿನ ನೀರು ಬೋರ್ಮಾದೊಳಗೇ ಸುತ್ತುತ್ತಿರುತ್ತದೆ. ಆರಂಭದ ಗಂಟೆಗಳಲ್ಲಿ ಕಿಂಡಿಯನ್ನು ಹೆಚ್ಚು ತೆರೆದಿಟ್ಟು ಬಳಿಕ ಕಿರಿದುಗೊಳಿಸುವುದು ಯುಕ್ತ.

ವೇಗ ಹೆಚ್ಚಿಸುವ ಮುನ್ನ

ಪುಲ್ಲಿ ಬದಲಿಸಿ ಬ್ಲೋವರಿನ ವೇಗವನ್ನು ಶೇ. 10ರಷ್ಟು ಹೆಚ್ಚಿಸಿದರೆ ಗಾಳಿಯೂ ಶೇ. 10ರಷ್ಟು ಹೆಚ್ಚುತ್ತದೆ, ಬೇಕಾಗುವ ಶಕ್ತಿಯಾದರೋ ಶೇ. 33ರಷ್ಟು ಏರುತ್ತದೆ. ವೇಗ ಶೇ. 20 ಹೆಚ್ಚಿದರೆ ಶಕ್ತಿ ಶೇ. 73ರಷ್ಟು ಹೆಚ್ಚು ಬೇಕು. ಸಾಮರ್ಥ್ಯ ನೋಡದೆ ಪುಲ್ಲಿ ಬದಲಿಸಿದರೆ ಮೋಟಾರು ಸುಡುವುದು ಇದೇ ಕಾರಣದಿಂದ.

ಕುಚ್ಚಲಕ್ಕಿ ಗಿರಣಿಗಳಲ್ಲಿ ಬೇಯಿಸಿದ ಭತ್ತವನ್ನು ಬಿಸಿಗಾಳಿಯಿಂದ ಒಣಗಿಸುವ ಯಂತ್ರಗಳಿಗೂ ಈ ಕ್ರಮ ಬಹುಪಾಲು ಅನ್ವಯಿಸುತ್ತದೆ. ಯಂತ್ರವು ಚೆನ್ನಾಗಿ ನಡೆಯುತ್ತಿರುವ ದಿನವೇ ಮೂಲೆಗಳ ಶಾಖ, ಮೋಟಾರಿನ ಆಂಪಿಯರ್, ಒಣಗಲು ತಗಲಿದ ಸಮಯ, ಈ ಮೂರನ್ನೂ ಪುಸ್ತಕವೊಂದರಲ್ಲಿ ಬರೆದಿಡಿರಿ. ಮುಂದೆ ದೋಷ ತಲೆದೋರಿದಾಗ ತಾಳೆ ನೋಡಲು ಆಧಾರವಾಗುವುದು ಈ ಅಂಕೆಗಳೇ. ಅವು ಕೈಯಲ್ಲಿದ್ದರೆ ಮೆಕ್ಯಾನಿಕ್ ಬರುವ ಮೊದಲೇ ಅರ್ಧ ಉತ್ತರ ದೊರೆತಿರುತ್ತದೆ.