ಪರವಾಗಿ ಮಾತು, ಪಕ್ಕದಲ್ಲಿ ನಿಲುವು

ಯೊವಾನ್ನನ ಶುಭಸಂದೇಶವು ಪವಿತ್ರಾತ್ಮರನ್ನು ‘ಪಾರಾಕ್ಲೇತೊಸ್’ ಎಂದು ಕರೆಯುತ್ತದೆ. ಈ ಗ್ರೀಕ್ ಪದದ ಮೂಲಾರ್ಥ ‘ಪಕ್ಕಕ್ಕೆ ಕರೆಯಲ್ಪಟ್ಟವರು’ ಎಂದು. ನ್ಯಾಯಸ್ಥಾನದಲ್ಲಿ ಒಬ್ಬನ ನೆರವಿಗೆ ನಿಲ್ಲುವವರಿಗೂ ಅದು ಸಲ್ಲುತ್ತಿತ್ತು. ರೋಗಿಗಳ ಮತ್ತು ಆಶ್ರಯಧಾಮಗಳ ನಿವಾಸಿಗಳ ಪರ ವಾದಿಸುವ ಸೇವೆಯನ್ನು ನಾವು ಈ ಪದದಿಂದಲೇ ಅರಿಯತೊಡಗಬಹುದು.

ಈ ಸೇವೆಗೆ ಎರಡು ರೂಪಗಳುಂಟು. ಮೊದಲನೆಯದರಲ್ಲಿ, ಆರೈಕೆ ನೀಡುವ ಸಂಸ್ಥೆಯೇ ರೋಗಿಗಳ ಪರ ದನಿಯೆತ್ತುತ್ತದೆ. ಮಾಗಡಿ ರಸ್ತೆಯ ಸುಮನಹಳ್ಳಿಯಂತೆ ಕುಷ್ಠಪೀಡಿತರ ನಡುವೆ ದುಡಿದ ಸಂಸ್ಥೆಗಳು ಚಿಕಿತ್ಸೆಗೆ ಪುನರ್ವಸತಿಯನ್ನೂ ಸೇರಿಸಿದವು. ಆದರೆ ರೋಗ ಗುಣವಾದರೂ ಕಾನೂನಿನ ಕಳಂಕ ಉಳಿದಿತ್ತು. ಕುಷ್ಠವು ವಿಚ್ಛೇದನಕ್ಕೆ ಆಧಾರವಾಗಿದ್ದುದನ್ನು ಸಂಸತ್ತು ತೆಗೆದುಹಾಕಿದ್ದು 2019ರಲ್ಲಿ. ಎರಡನೆಯದರಲ್ಲಿ ರೋಗಿಗಳೇ ಸಂಘಟಿತರಾಗುತ್ತಾರೆ. ದಾವಣಗೆರೆಯ ಹಿಮೋಫಿಲಿಯಾ ಸೊಸೈಟಿ ಇದಕ್ಕೆ ನಿದರ್ಶನ. 2016ರ ಅಂಗವಿಕಲರ ಹಕ್ಕುಗಳ ಅಧಿನಿಯಮವು ಹಿಮೋಫಿಲಿಯಾವನ್ನು 21 ವೈಕಲ್ಯಗಳಲ್ಲಿ ಒಂದೆಂದು ಮನ್ನಿಸಿತು.

ಧರ್ಮಸಭೆಗೆ ಮೊದಲ ರೂಪವೇ ಹೆಚ್ಚು ಪರಿಚಿತ. ಅಪಾಯವೂ ಅಲ್ಲಿಯೇ ಇದೆ. ಉಣಬಡಿಸುವ ಕೈಯ ವಿರುದ್ಧ ಉಣ್ಣುವವನು ದೂರು ಹೇಳುವುದು ಕಷ್ಟ. ಬಾರ್ತಿಮಾಯನನ್ನು ಗದರಿಸಿ ಬಾಯಿಮುಚ್ಚಿಸಿದವರು ಯೇಸುವನ್ನು ಹಿಂಬಾಲಿಸುತ್ತಿದ್ದ ಗುಂಪಿನವರೇ (ಮಾರ್ಕ 10:46-52). ಯೇಸುವಾದರೋ, ಅವನ ಕುರುಡುತನ ಕಣ್ಣೆದುರೇ ಇದ್ದರೂ, ಅವನಿಗೆ ಏನು ಬೇಕೆಂದು ಅವನನ್ನೇ ಕೇಳಿದರು.

2017ರ ಮಾನಸಿಕ ಆರೋಗ್ಯ ಆರೈಕೆ ಅಧಿನಿಯಮವು ಈ ಪ್ರಶ್ನೆಗೆ ಕಾನೂನಿನ ರೂಪ ಕೊಟ್ಟಿದೆ. ತನಗೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ವಯಸ್ಕನು ಮುಂಚಿತವಾಗಿ ಬರೆದಿಡಬಹುದು. ತನ್ನ ಪ್ರತಿನಿಧಿಯನ್ನು ಬಿಳಿಹಾಳೆಯಲ್ಲಿ ಸಹಿ ಅಥವಾ ಹೆಬ್ಬೆಟ್ಟಿನೊಡನೆ ನೇಮಿಸಬಹುದು. ಪ್ರತಿನಿಧಿಯ ಲಿಖಿತ ಒಪ್ಪಿಗೆ ಅಗತ್ಯ. ಸೇವೆಯಲ್ಲಿ ಲೋಪ ಕಂಡರೆ ಮೊದಲು ಸಂಸ್ಥೆಯ ಮುಖ್ಯಸ್ಥರಿಗೆ, ಅಲ್ಲಿ ಸಮಾಧಾನ ದೊರೆಯದಿದ್ದರೆ ಪರಾಮರ್ಶೆ ಮಂಡಳಿಗೆ ದೂರು ಸಲ್ಲಿಸಬಹುದು. ಮನೋರೋಗಿಗಳನ್ನು ದಾಖಲಿಸಿಕೊಂಡು ಆರೈಕೆ ಮಾಡುವ ನಮ್ಮ ಧಾಮಗಳೂ ಈ ಕಾನೂನಿಗೆ ಒಳಪಟ್ಟಿವೆ.

ಬಿಡದಿಯಿಂದ ನಿಮ್ಹಾನ್ಸಿಗೆ ಹೋಗುವ ಕೂಲಿಕಾರನು ಒಂದು ದಿನದ ದುಡಿಮೆಯನ್ನೂ ಕಳೆದುಕೊಳ್ಳುತ್ತಾನೆ. ಧರ್ಮಕೇಂದ್ರದ ಗುರು ಅವನ ಜೊತೆ ಕುಳಿತು ಆ ಬಿಳಿಹಾಳೆಯನ್ನು ಬರೆಯಲು ನೆರವಾಗಬಲ್ಲರು. ಆದರೆ ಹಾಳೆಯಲ್ಲಿ ಯಾರ ಹೆಸರಿರಬೇಕೆಂದು ಹೇಳಬೇಕಾದವನು ಅವನೇ. ನಮ್ಮದೇ ಧಾಮದ ಮೇಲಿನ ದೂರನ್ನು ಬರೆಯಲೂ ನೆರವಾಗುವ ಧೈರ್ಯ ಗುರುವಿಗಿದ್ದರೆ, ಅದೇ ಪಾರಾಕ್ಲೇತೊಸ್‌ನ ಸೇವೆ.